ವಿದ್ಯುತ್ ಕಾರಿನ ಮೆತ್ತನೆಯ ಬ್ರೇಕ್ ಪೆಡಲ್

ಮೆತ್ತನೆಯ ಬ್ರೇಕ್ ಪೆಡಲ್ ಎಂದರೆ ಕಾಲಿಟ್ಟು ಒತ್ತಿದಾಗ ಗಟ್ಟಿಯಾದ ಪ್ರತಿರೋಧ ದೊರೆಯದೆ ಸ್ಪಂಜನ್ನು ಅದುಮಿದಂತೆ ಒಳಕ್ಕೆ ಹೋಗುವ, ಅಥವಾ ವಾಡಿಕೆಗಿಂತ ಆಳಕ್ಕೆ ಇಳಿಯುವ ಬ್ರೇಕ್ ಪೆಡಲಿನ ಸ್ಥಿತಿ. ಇದು ಸ್ವತಃ ಒಂದು ದೋಷವಲ್ಲ, ದೋಷದ ಲಕ್ಷಣ. ಹೈಡ್ರಾಲಿಕ್ ಬ್ರೇಕಿನ ಕೊಳವೆಗಳಲ್ಲಿ ಗಾಳಿ ಸೇರಿರುವುದು, ಬ್ರೇಕ್ ಆಯಿಲ್ ತೇವಾಂಶ ಹೀರಿಕೊಂಡಿರುವುದು, ಎಲ್ಲೋ ಸೋರಿಕೆಯಾಗುತ್ತಿರುವುದು ಮತ್ತು ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲುಗಳು ಸವೆದಿರುವುದು ಇದರ ಮುಖ್ಯ ಕಾರಣಗಳು.

ಪೆಟ್ರೋಲ್, ಡೀಸೆಲ್ ಮತ್ತು ವಿದ್ಯುತ್ ಕಾರುಗಳಲ್ಲಿ ಈ ಕಾರಣಗಳು ಬಹುಮಟ್ಟಿಗೆ ಒಂದೇ. ಆದರೆ ವಿದ್ಯುತ್ ಕಾರಿನಲ್ಲಿ ದೋಷವು ದೀರ್ಘಕಾಲ ಮರೆಯಲ್ಲಿ ಉಳಿಯಬಲ್ಲದು. ದೈನಂದಿನ ಚಾಲನೆಯಲ್ಲಿ ವೇಗ ತಗ್ಗಿಸುವ ಕೆಲಸದ ಬಹುಭಾಗವನ್ನು ಮೋಟಾರೇ ಮಾಡುವುದರಿಂದ ಹೈಡ್ರಾಲಿಕ್ ಬ್ರೇಕು ಕಡಿಮೆ ಬಳಕೆಯಾಗುತ್ತದೆ. ಅದರ ನಿಜವಾದ ಸಾಮರ್ಥ್ಯ ತಿಳಿಯುವುದು ಮೋಟಾರಿನ ನೆರವು ಸಾಲದಿರುವ ಸಂದರ್ಭದಲ್ಲಿ, ಅಂದರೆ ತುರ್ತು ನಿಲುಗಡೆಯಲ್ಲಿ ಅಥವಾ ಬ್ಯಾಟರಿ ತುಂಬಿರುವಾಗ ಇಳಿಜಾರಿನಲ್ಲಿ. ಆದ್ದರಿಂದ ವಿದ್ಯುತ್ ಕಾರಿನ ಪೆಡಲಿನಲ್ಲಿ ಕಾಣುವ ಸಣ್ಣ ಬದಲಾವಣೆಯನ್ನೂ ಕಾರು ಚೆನ್ನಾಗಿಯೇ ನಿಲ್ಲುತ್ತಿದೆ ಎಂಬ ಕಾರಣಕ್ಕೆ ಕಡೆಗಣಿಸಬಾರದು.

ಲಕ್ಷಣಗಳ ವರ್ಗೀಕರಣ

ಚಾಲಕರು ಸಾಮಾನ್ಯವಾಗಿ ‘ಬ್ರೇಕ್ ಹಿಡಿಯುತ್ತಿಲ್ಲ’ ಎಂಬ ಒಂದೇ ಮಾತಿನಲ್ಲಿ ಹೇಳುವ ತೊಂದರೆಯಲ್ಲಿ ಹಲವು ಬಗೆಗಳಿವೆ. ಕಾರಣವನ್ನು ಗುರುತಿಸಲು ಮೊದಲು ಇವುಗಳನ್ನು ಬೇರ್ಪಡಿಸಿಕೊಳ್ಳಬೇಕು.

- ಸ್ಪಂಜಿನಂತಹ ಪೆಡಲ್: ಒತ್ತಿದಷ್ಟೂ ಸ್ಪ್ರಿಂಗಿನಂತೆ ಹಿಗ್ಗಿ ಕುಗ್ಗುತ್ತದೆ. ಬೇಗ ಬೇಗ ಹಲವು ಬಾರಿ ತುಳಿದರೆ ಸ್ವಲ್ಪ ಗಟ್ಟಿಯಾಗುತ್ತದೆ. ಇದು ಕೊಳವೆಯಲ್ಲಿ ಗಾಳಿ ಅಥವಾ ಆವಿ ಇರುವ ಸೂಚನೆ.
- ಕೆಳಗಿಳಿದ ಪೆಡಲ್: ಮೊದಲ ತುಳಿತದಲ್ಲಿ ಆಳಕ್ಕೆ ಹೋಗುತ್ತದೆ, ಆದರೆ ಕೊನೆಯಲ್ಲಿ ಗಟ್ಟಿಯಾಗಿಯೇ ನಿಲ್ಲುತ್ತದೆ. ಡ್ರಮ್ ಬ್ರೇಕಿನ ಶೂಗಳ ಅಂತರ ಹೆಚ್ಚಿರುವುದು, ಅಥವಾ ಚಕ್ರದ ಬೇರಿಂಗ್ ಸಡಿಲವಾಗಿ ಡಿಸ್ಕು ಅಲುಗಾಡಿ ಪ್ಯಾಡುಗಳನ್ನು ಹಿಂದಕ್ಕೆ ತಳ್ಳಿರುವುದು ಇದರ ಕಾರಣವಾಗಿರಬಹುದು.
- ಕುಸಿಯುವ ಪೆಡಲ್: ಒತ್ತಿ ಹಿಡಿದಾಗ ನಿಧಾನವಾಗಿ ನೆಲದ ಕಡೆಗೆ ಇಳಿಯುತ್ತಾ ಹೋಗುತ್ತದೆ. ಹೊರಗಿನ ಸೋರಿಕೆ ಅಥವಾ ಮಾಸ್ಟರ್ ಸಿಲಿಂಡರಿನ ಒಳಸೋರಿಕೆ ಇದಕ್ಕೆ ಕಾರಣ.
- ಕಲ್ಲಿನಂತೆ ಗಟ್ಟಿಯಾದ ಪೆಡಲ್: ಇದು ಮೆತ್ತನೆಯ ಪೆಡಲಿಗೆ ವಿರುದ್ಧವಾದ ಸ್ಥಿತಿ. ಒತ್ತಲು ಹೆಚ್ಚು ಬಲ ಬೇಕಾಗುತ್ತದೆ. ತೊಂದರೆ ಸಾಮಾನ್ಯವಾಗಿ ಬ್ರೇಕ್ ಬೂಸ್ಟರಿನಲ್ಲಿರುತ್ತದೆ.

ಕಾರ್ಯವಿಧಾನ

ಹೈಡ್ರಾಲಿಕ್ ಭಾಗ

ಹೈಡ್ರಾಲಿಕ್ ಬ್ರೇಕು ಪ್ಯಾಸ್ಕಲನ ನಿಯಮವನ್ನು ಆಧರಿಸಿದೆ. ಮುಚ್ಚಿದ ದ್ರವದ ಒಂದು ಕಡೆ ಹಾಕಿದ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಪೆಡಲ್ ಒಂದು ಸನ್ನೆಕೋಲಿನಂತೆ ಕಾಲಿನ ಬಲವನ್ನು ಹೆಚ್ಚಿಸಿ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ. ಅಲ್ಲಿಂದ ಹೊರಟ ಒತ್ತಡ ಉಕ್ಕಿನ ಕೊಳವೆ ಮತ್ತು ರಬ್ಬರ್ ಹೋಸುಗಳ ಮೂಲಕ ಚಕ್ರಗಳನ್ನು ತಲುಪಿ, ಕ್ಯಾಲಿಪರಿನ ಪಿಸ್ಟನ್ ಪ್ಯಾಡುಗಳನ್ನು ಡಿಸ್ಕಿಗೆ ಅಥವಾ ಚಕ್ರದ ಸಿಲಿಂಡರ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ.

ಒಂದು ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಬಹುದು. ಪೆಡಲಿನ ಅನುಪಾತ 4:1, ಕಾಲಿನ ಬಲ 200 ನ್ಯೂಟನ್, ಮಾಸ್ಟರ್ ಸಿಲಿಂಡರಿನ ವ್ಯಾಸ 20 ಮಿ.ಮೀ. ಎಂದು ಇಟ್ಟುಕೊಂಡರೆ, ಬೂಸ್ಟರಿನ ನೆರವಿಲ್ಲದೆಯೇ ಪಿಸ್ಟನ್ನಿನ ಮೇಲೆ 800 ನ್ಯೂಟನ್ ಬಲ ಬೀಳುತ್ತದೆ. ದ್ರವದಲ್ಲಿ ಸುಮಾರು 25 ಬಾರ್ ಒತ್ತಡ ಉಂಟಾಗುತ್ತದೆ. ಕ್ಯಾಲಿಪರ್ ಪಿಸ್ಟನ್ನಿನ ವ್ಯಾಸ 54 ಮಿ.ಮೀ. ಇದ್ದರೆ ಪ್ಯಾಡಿನ ಮೇಲೆ ಬೀಳುವ ಬಲ ಸುಮಾರು 5,800 ನ್ಯೂಟನ್.

ಇದೇ ವ್ಯವಸ್ಥೆಯಲ್ಲಿ 3 ಘನ ಸೆಂ.ಮೀ. ಗಾಳಿ ಸಿಲುಕಿದೆ ಎಂದುಕೊಳ್ಳೋಣ. 25 ಬಾರ್ ಒತ್ತಡದಲ್ಲಿ ಆ ಗಾಳಿ ತನ್ನ ಗಾತ್ರದ ಇಪ್ಪತ್ತೈದನೆಯ ಒಂದು ಭಾಗದಷ್ಟಕ್ಕೆ ಕುಗ್ಗುತ್ತದೆ. ಆ ಖಾಲಿ ಜಾಗವನ್ನು ತುಂಬಲು ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಸುಮಾರು 9 ಮಿ.ಮೀ. ಹೆಚ್ಚು ಚಲಿಸಬೇಕು, ಪೆಡಲ್ ಸುಮಾರು 37 ಮಿ.ಮೀ. ಹೆಚ್ಚು ಇಳಿಯಬೇಕು. ಅರ್ಧ ಚಮಚೆಗಿಂತ ತುಸು ಹೆಚ್ಚಿನ ಗಾಳಿ ಪೆಡಲಿನ ಸ್ವಭಾವವನ್ನೇ ಬದಲಿಸುವುದು ಹೀಗೆ.

ಇಂದಿನ ಕಾರುಗಳಲ್ಲಿ ಹೈಡ್ರಾಲಿಕ್ ವ್ಯವಸ್ಥೆಯನ್ನು ಎರಡು ಪ್ರತ್ಯೇಕ ಸರ್ಕಿಟುಗಳಾಗಿ ವಿಭಜಿಸಿರುತ್ತಾರೆ. ಒಂದು ಸೋರಿಹೋದರೂ ಇನ್ನೊಂದು ಕೆಲಸ ಮಾಡುತ್ತದೆ. ಆಗ ಪೆಡಲ್ ಹೆಚ್ಚು ಆಳಕ್ಕೆ ಇಳಿಯುತ್ತದೆ, ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ.

ಬೂಸ್ಟರ್

ಪೆಟ್ರೋಲ್ ಎಂಜಿನ್ ತಾನು ಗಾಳಿಯನ್ನು ಎಳೆದುಕೊಳ್ಳುವಾಗ ಉಂಟಾಗುವ ನಿರ್ವಾತದಿಂದ ಬ್ರೇಕ್ ಬೂಸ್ಟರಿಗೆ ನೆರವು ನೀಡುತ್ತದೆ. ವಿದ್ಯುತ್ ಕಾರಿನಲ್ಲಿ ಎಂಜಿನ್ ಇಲ್ಲದ ಕಾರಣ ಎರಡು ಬದಲಿ ವ್ಯವಸ್ಥೆಗಳು ಬಳಕೆಯಲ್ಲಿವೆ. ಒಂದು, ವಿದ್ಯುತ್ತಿನಿಂದ ನಡೆಯುವ ನಿರ್ವಾತ ಪಂಪು. ಇನ್ನೊಂದು, ಮೋಟಾರು ಮತ್ತು ಗೇರುಗಳಿಂದ ಪಿಸ್ಟನ್ನನ್ನು ನೇರವಾಗಿ ತಳ್ಳುವ ವಿದ್ಯುತ್-ಯಾಂತ್ರಿಕ ಬೂಸ್ಟರ್. ಬಾಷ್ ಸಂಸ್ಥೆಯ ಐಬೂಸ್ಟರ್ ಎರಡನೆಯ ಬಗೆಗೆ ಉದಾಹರಣೆ.

ಕೆಲವು ಕಾರುಗಳಲ್ಲಿ ‘ಬ್ರೇಕ್-ಬೈ-ವೈರ್’ ವ್ಯವಸ್ಥೆ ಇದೆ. ಇಲ್ಲಿ ಪೆಡಲ್ ಸಾಮಾನ್ಯ ಸ್ಥಿತಿಯಲ್ಲಿ ಚಕ್ರದ ಬ್ರೇಕುಗಳೊಡನೆ ನೇರ ಸಂಪರ್ಕದಲ್ಲಿರುವುದಿಲ್ಲ. ಸೆನ್ಸರು ಕಾಲಿನ ಒತ್ತಡವನ್ನು ಅಳೆಯುತ್ತದೆ, ನಿಯಂತ್ರಕ ಘಟಕವು ಅಗತ್ಯವಾದ ಒತ್ತಡವನ್ನು ಪಂಪಿನಿಂದ ನಿರ್ಮಿಸುತ್ತದೆ. ಕಾಲಿಗೆ ಸಿಗುವ ಪ್ರತಿರೋಧವು ಸ್ಪ್ರಿಂಗ್ ಮತ್ತು ರಬ್ಬರಿನಿಂದ ಮಾಡಿದ ‘ಪೆಡಲ್ ಸಿಮ್ಯುಲೇಟರಿ’ನದು. ಇಂತಹ ಕಾರಿನಲ್ಲಿ ಚಕ್ರದ ಕಡೆ ಗಾಳಿ ಸೇರಿದ್ದರೂ ಪೆಡಲ್ ಗಟ್ಟಿಯಾಗಿಯೇ ಇರಬಹುದು. ಎಚ್ಚರಿಕೆ ದೀಪ ಮತ್ತು ಸ್ಕ್ಯಾನರಿನಲ್ಲಿ ದಾಖಲಾದ ದೋಷಸಂಕೇತಗಳೇ ಇಲ್ಲಿ ಮುಖ್ಯ ಸುಳಿವು.

ಪುನರುತ್ಪಾದಕ ಬ್ರೇಕ್

ಚಾಲಕ ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಅಥವಾ ಬ್ರೇಕನ್ನು ಮೆಲ್ಲಗೆ ತುಳಿದಾಗ ವಿದ್ಯುತ್ ಮೋಟಾರು ಜನರೇಟರಿನಂತೆ ಕೆಲಸ ಮಾಡಿ, ಕಾರಿನ ಚಲನಶಕ್ತಿಯನ್ನು ವಿದ್ಯುತ್ತಾಗಿ ಬ್ಯಾಟರಿಗೆ ಮರಳಿಸುತ್ತದೆ. ಬಳಕೆದಾರರು ಇದನ್ನು ಚುಟುಕಾಗಿ ‘ರೀಜನ್’ ಎನ್ನುತ್ತಾರೆ. ಗಂಟೆಗೆ 60 ಕಿ.ಮೀ. ವೇಗದಲ್ಲಿರುವ 1,500 ಕೆ.ಜಿ. ತೂಕದ ಕಾರಿನ ಚಲನಶಕ್ತಿ ಸುಮಾರು 208 ಕಿಲೋಜೌಲ್. ಸಾಮಾನ್ಯ ಬ್ರೇಕು ಇದನ್ನೆಲ್ಲ ಡಿಸ್ಕಿನಲ್ಲಿ ಶಾಖವಾಗಿ ಕಳೆದರೆ, ರೀಜನ್ ಅದರ ಗಣನೀಯ ಭಾಗವನ್ನು ಉಳಿಸುತ್ತದೆ.

ರೀಜನ್ನಿಗೆ ಮಿತಿಗಳಿವೆ. ಬ್ಯಾಟರಿ ಪೂರ್ಣ ತುಂಬಿದ್ದರೆ ಶಕ್ತಿಯನ್ನು ಇಡಲು ಜಾಗವಿರುವುದಿಲ್ಲ. ಬ್ಯಾಟರಿ ತೀರಾ ತಣ್ಣಗಿದ್ದಾಗ ಅಥವಾ ಅತಿಯಾಗಿ ಬಿಸಿಯಾದಾಗ ನಿಯಂತ್ರಕವು ಅದಕ್ಕೆ ಹರಿಯುವ ವಿದ್ಯುತ್ತನ್ನು ತಗ್ಗಿಸುತ್ತದೆ. ಕಾರು ನಿಲ್ಲುವ ಹಂತದ ತೀರಾ ಕಡಿಮೆ ವೇಗದಲ್ಲಿ ಮೋಟಾರಿನ ಹಿಡಿತ ಕ್ಷೀಣಿಸಿ ಹೈಡ್ರಾಲಿಕ್ ಬ್ರೇಕು ಕೆಲಸವನ್ನು ವಹಿಸಿಕೊಳ್ಳುತ್ತದೆ. ಈ ಕೈಬದಲಾವಣೆಯ ಕ್ಷಣದಲ್ಲಿ ಪೆಡಲಿನ ಅನುಭವ ತುಸು ಬದಲಾಗುವುದು ಹಲವು ಮಾದರಿಗಳಲ್ಲಿ ಸಹಜ, ಅದನ್ನು ದೋಷವೆಂದು ಭಾವಿಸಬೇಕಿಲ್ಲ. ಆದರೆ ಕಾರು ನಿಂತಿರುವಾಗಲೂ ಪೆಡಲ್ ಮೆತ್ತಗಿದ್ದರೆ ಅದಕ್ಕೆ ರೀಜನ್ ಕಾರಣವಲ್ಲ.

ಕರ್ನಾಟಕದಲ್ಲಿ ವಿದ್ಯುತ್ ಕಾರು

ರೀಜನ್ ಮತ್ತು ಹೈಡ್ರಾಲಿಕ್ ಬ್ರೇಕುಗಳ ಜೋಡಿ ಕರ್ನಾಟಕದ ರಸ್ತೆಗಳಿಗೆ ಹೊಸತಲ್ಲ. ಬೆಂಗಳೂರಿನ ಮೈನಿ ಸಮೂಹವು ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸಂಸ್ಥೆಯೊಡನೆ 1994ರಲ್ಲಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯನ್ನು ಸ್ಥಾಪಿಸಿತು. ಸೀಸ-ಆಮ್ಲ ಬ್ಯಾಟರಿಗಳಿಂದ ಓಡುವ ರೇವಾ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಿತು. ಈ ಪುಟ್ಟ ಕಾರಿನಲ್ಲಿಯೂ ಪುನರುತ್ಪಾದಕ ಬ್ರೇಕು ಇತ್ತು. ಬ್ರಿಟನ್ನಿನಲ್ಲಿ ಇದು ಜಿ-ವಿಜ್ ಎಂಬ ಹೆಸರಿನಿಂದ ಮಾರಾಟವಾಯಿತು. 2010ರಲ್ಲಿ ಮಹೀಂದ್ರ ಸಮೂಹವು ಕಂಪನಿಯ ಬಹುಪಾಲನ್ನು ಕೊಂಡಿತು. 2013ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯ ಇ2ಓ ಬಿಡುಗಡೆಯಾಯಿತು. ಕರ್ನಾಟಕ ಸರ್ಕಾರ 2017ರಲ್ಲಿ ವಿದ್ಯುತ್ ವಾಹನ ಮತ್ತು ಶಕ್ತಿ ಸಂಗ್ರಹಣಾ ನೀತಿಯನ್ನು ಪ್ರಕಟಿಸಿತು. ಆರಂಭದಲ್ಲಿ ನಗರದೊಳಗಿನ ಓಡಾಟಕ್ಕೆ ಸೀಮಿತವಾಗಿದ್ದ ವಿದ್ಯುತ್ ಕಾರುಗಳು ನಂತರ ಹೆಚ್ಚು ದೂರ ಕ್ರಮಿಸಬಲ್ಲ ಬ್ಯಾಟರಿಗಳೊಡನೆ ಜಿಲ್ಲೆ, ತಾಲ್ಲೂಕುಗಳ ರಸ್ತೆಗಳನ್ನೂ ತಲುಪಿದವು.

ಕಾರಣಗಳು

ಕೊಳವೆಯಲ್ಲಿ ಗಾಳಿ

ಪ್ಯಾಡ್, ಹೋಸ್ ಅಥವಾ ಕ್ಯಾಲಿಪರ್ ಬದಲಿಸಿದ ಬಳಿಕ ಗಾಳಿಯನ್ನು ಪೂರ್ತಿಯಾಗಿ ಹೊರತೆಗೆಯದಿರುವುದು ಮತ್ತು ಡಬ್ಬಿಯಲ್ಲಿ ಆಯಿಲ್ ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿದಿರುವುದು ಸಾಮಾನ್ಯ ಕಾರಣಗಳು. ಎಬಿಎಸ್ ಘಟಕದ ಒಳಗಿನ ಕವಾಟಗಳಲ್ಲಿ ಸಿಕ್ಕಿಕೊಂಡ ಗಾಳಿಯು ಸಾಧಾರಣ ವಿಧಾನದಿಂದ ಹೊರಬರುವುದಿಲ್ಲ.

ತೇವಾಂಶ ಹೀರಿದ ಬ್ರೇಕ್ ಆಯಿಲ್

ಹೆಚ್ಚಿನ ಕಾರುಗಳ ಬ್ರೇಕ್ ಆಯಿಲ್ ಗ್ಲೈಕಾಲ್ ಆಧಾರಿತವಾದದ್ದು. ಅದು ರಬ್ಬರ್ ಹೋಸುಗಳ ಮೂಲಕವೂ ಡಬ್ಬಿಯ ಮುಚ್ಚಳದ ರಂಧ್ರದ ಮೂಲಕವೂ ಗಾಳಿಯಲ್ಲಿರುವ ತೇವಾಂಶವನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ನೀರು ಸೇರಿದಂತೆ ಅದರ ಕುದಿಯುವ ಬಿಂದು ಇಳಿಯುತ್ತದೆ. ಬ್ರೇಕು ಬಹಳ ಬಿಸಿಯಾದಾಗ ಆಯಿಲ್ ಕುದಿದು ಆವಿಯ ಗುಳ್ಳೆಗಳಾಗುತ್ತವೆ, ಪೆಡಲ್ ಒಮ್ಮೆಲೇ ನೆಲ ಮುಟ್ಟಬಹುದು. ಬ್ರೇಕು ತಣಿದ ಮೇಲೆ ಆವಿ ಮತ್ತೆ ದ್ರವವಾಗುವುದರಿಂದ ಪೆಡಲ್ ಮೊದಲಿನಂತಾಗುತ್ತದೆ. ‘ಆಗ ಹಾಗಾಯಿತು, ಈಗ ಸರಿಯಾಗಿದೆ’ ಎಂಬ ದೂರಿನ ಹಿಂದೆ ಹಲವು ಬಾರಿ ಇರುವುದು ಇದೇ.

ಆಯಿಲ್ ಹಳೆಯದಾಗುವುದು ಓಡಿದ ಕಿಲೋಮೀಟರಿನಿಂದ ಅಲ್ಲ, ಕಳೆದ ಕಾಲದಿಂದ. ವಿದ್ಯುತ್ ಕಾರಿನ ಡಿಸ್ಕುಗಳು ಸಾಮಾನ್ಯವಾಗಿ ತಣ್ಣಗೇ ಇರುವುದರಿಂದ ಹಳೆಯ ಆಯಿಲಿನ ದೋಷ ವರ್ಷಗಟ್ಟಲೆ ಬಯಲಾಗದೆ ಉಳಿಯಬಹುದು.

ಸೋರಿಕೆ

ಹೋಸಿನ ಬಿರುಕು, ಕೊಳವೆಯ ಜೋಡಣೆ, ಕ್ಯಾಲಿಪರ್ ಅಥವಾ ಚಕ್ರದ ಸಿಲಿಂಡರಿನ ಸೀಲು ಮತ್ತು ಬ್ಲೀಡರ್ ನಿಪ್ಪಲ್ ಹೊರಗಿನ ಸೋರಿಕೆಯ ಜಾಗಗಳು. ಮಾಸ್ಟರ್ ಸಿಲಿಂಡರಿನ ಹಿಂಬದಿಯ ಸೀಲು ಸೋರಿದರೆ ಆಯಿಲ್ ಬೂಸ್ಟರಿನೊಳಗೆ ಇಳಿಯುತ್ತದೆ, ನೆಲದ ಮೇಲೆ ಒಂದು ಹನಿಯೂ ಕಾಣುವುದಿಲ್ಲ.

ಮಾಸ್ಟರ್ ಸಿಲಿಂಡರಿನ ಒಳಸೋರಿಕೆ

ಸೀಲು ಸವೆದಾಗ ಒತ್ತಡದಲ್ಲಿರುವ ದ್ರವ ಪಿಸ್ಟನ್ನನ್ನು ದಾಟಿ ಹಿಂದಕ್ಕೆ ಜಾರುತ್ತದೆ. ಡಬ್ಬಿಯಲ್ಲಿ ಆಯಿಲಿನ ಮಟ್ಟ ಕಡಿಮೆಯಾಗುವುದಿಲ್ಲ, ಆದರೂ ಪೆಡಲ್ ಕುಸಿಯುತ್ತದೆ.

ಬಳಕೆಯಿಲ್ಲದೆ ಬಿಗಿದ ಭಾಗಗಳು

ರೀಜನ್ನಿನಿಂದಾಗಿ ಬ್ರೇಕು ಅಪರೂಪಕ್ಕೆ ಮಾತ್ರ ಕೆಲಸ ಮಾಡುವ ಕಾರಿನಲ್ಲಿ ಕ್ಯಾಲಿಪರಿನ ಜಾರುವ ಪಿನ್ನುಗಳು ತುಕ್ಕು ಮತ್ತು ಧೂಳಿನಿಂದ ಬಿಗಿಯಬಹುದು. ಆಗ ಒಂದು ಬದಿಯ ಪ್ಯಾಡು ಮಾತ್ರ ಒತ್ತಿ, ಕ್ಯಾಲಿಪರ್ ಓರೆಯಾಗಿ ಬಾಗುತ್ತದೆ. ಗಾಳಿ ಇಲ್ಲದಿದ್ದರೂ ಪೆಡಲ್ ಸ್ಪಂಜಿನಂತೆ ಅನಿಸುತ್ತದೆ. ಡಿಸ್ಕಿನ ಮೇಲೆ ಕೂರುವ ತುಕ್ಕು ಹಿಡಿತವನ್ನೂ ತಗ್ಗಿಸುತ್ತದೆ. ಬ್ರೇಕಿನ ಬಳಕೆ ಕಡಿಮೆ ಎಂಬುದನ್ನು ಗಮನಿಸಿ ಫೋಕ್ಸ್‌ವ್ಯಾಗನ್ ತನ್ನ ಐಡಿ.3 ಮತ್ತು ಐಡಿ.4 ವಿದ್ಯುತ್ ಕಾರುಗಳ ಹಿಂದಿನ ಚಕ್ರಗಳಿಗೆ ಮುಚ್ಚಿದ ಡ್ರಮ್ ಬ್ರೇಕುಗಳನ್ನು ಅಳವಡಿಸಿತು.

ತಪ್ಪು ದ್ರವ

ಬ್ರೇಕ್ ಆಯಿಲ್ ಎಂಬ ಹೆಸರಿದ್ದರೂ ಅದು ಎಣ್ಣೆಯಲ್ಲ. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಮುಂತಾದ ಖನಿಜ ತೈಲಗಳನ್ನು ಡಬ್ಬಿಗೆ ಹಾಕಿದರೆ ಬ್ರೇಕಿನ ರಬ್ಬರ್ ಭಾಗಗಳು ಊದಿಕೊಂಡು ಕೆಡುತ್ತವೆ. ಸೀಲುಗಳನ್ನು ಸೀಮೆಎಣ್ಣೆ ಅಥವಾ ಪೆಟ್ರೋಲಿನಿಂದ ತೊಳೆಯುವುದರಿಂದಲೂ ಇದೇ ಹಾನಿಯಾಗುತ್ತದೆ. ಹೀಗಾದಾಗ ಆಯಿಲ್ ಬದಲಿಸಿದರಷ್ಟೇ ಸಾಲದು. ಕೊಳವೆಗಳನ್ನು ತೊಳೆದು, ದ್ರವ ತಾಗಿದ ರಬ್ಬರ್ ಭಾಗಗಳನ್ನೆಲ್ಲ ಬದಲಿಸಬೇಕಾಗುತ್ತದೆ.

ಪತ್ತೆಹಚ್ಚುವ ಕ್ರಮ

ಪರೀಕ್ಷೆಯನ್ನು ಸಮತಟ್ಟಾದ ನೆಲದಲ್ಲಿ, ಚಕ್ರಗಳಿಗೆ ಅಡೆಗಲ್ಲು ಕೊಟ್ಟು ನಡೆಸಬೇಕು. ಸರಳವಾದುದರಿಂದ ಆರಂಭಿಸಿ ಒಂದೊಂದೇ ಕಾರಣವನ್ನು ತಳ್ಳಿಹಾಕುತ್ತಾ ಹೋಗುವುದು ಸರಿಯಾದ ಕ್ರಮ.

1. ಎಚ್ಚರಿಕೆ ದೀಪಗಳು: ಬ್ರೇಕ್ ಅಥವಾ ಎಬಿಎಸ್ ದೀಪ ಉರಿಯುತ್ತಿದ್ದರೆ ಮೊದಲು ಸ್ಕ್ಯಾನರಿನಿಂದ ದೋಷಸಂಕೇತಗಳನ್ನು ಓದಬೇಕು. ಬ್ರೇಕ್-ಬೈ-ವೈರ್ ಕಾರುಗಳಲ್ಲಿ ಈ ಹಂತವನ್ನು ಬಿಡುವಂತಿಲ್ಲ.

2. ಆಯಿಲಿನ ಮಟ್ಟ ಮತ್ತು ಬಣ್ಣ: ಪ್ಯಾಡು ಸವೆದಂತೆ ಮಟ್ಟ ನಿಧಾನವಾಗಿ ಇಳಿಯುವುದು ಸಹಜ. ವಿದ್ಯುತ್ ಕಾರಿನಲ್ಲಿ ಪ್ಯಾಡು ಬಹಳ ನಿಧಾನವಾಗಿ ಸವೆಯುವುದರಿಂದ, ಮಟ್ಟ ಬೇಗ ಇಳಿದರೆ ಸೋರಿಕೆಯನ್ನೇ ಮೊದಲು ಶಂಕಿಸಬೇಕು. ಕಡುಕಂದು ಬಣ್ಣ ಹಳತಿನ ಸುಳಿವಾದರೂ ಬಣ್ಣವೊಂದರಿಂದಲೇ ತೀರ್ಮಾನಿಸಲಾಗದು.

3. ಸೋರಿಕೆಯ ತಪಾಸಣೆ: ನಾಲ್ಕೂ ಚಕ್ರಗಳ ಒಳಮೈ, ಹೋಸುಗಳು, ಕೊಳವೆಯ ಜೋಡಣೆಗಳು ಮತ್ತು ಮಾಸ್ಟರ್ ಸಿಲಿಂಡರಿನ ಹಿಂಬದಿಯನ್ನು ನೋಡಬೇಕು. ಧೂಳು ಒದ್ದೆಯಾಗಿ ಅಂಟಿರುವ ಜಾಗ ಸೋರಿಕೆಯನ್ನು ತೋರಿಸಿಕೊಡುತ್ತದೆ.

4. ತುಳಿತದ ಪರೀಕ್ಷೆ: ಪೆಡಲನ್ನು ಬೇಗ ಬೇಗ ನಾಲ್ಕೈದು ಬಾರಿ ತುಳಿಯಬೇಕು. ಪೆಡಲ್ ಮೇಲೇರಿದರೂ ಸ್ಪ್ರಿಂಗಿನಂತೆ ಇದ್ದರೆ ಗಾಳಿ ಇದೆ. ಮೇಲೇರಿ ಗಟ್ಟಿಯಾಗಿ ನಿಂತರೆ ಪ್ಯಾಡು ಅಥವಾ ಶೂಗಳ ಅಂತರ ಹೆಚ್ಚಿದೆ.

5. ಹಿಡಿತದ ಪರೀಕ್ಷೆ: ಪೆಡಲನ್ನು ಸಮನಾದ ಬಲದಿಂದ 30 ಸೆಕೆಂಡಿನಿಂದ ಒಂದು ನಿಮಿಷದವರೆಗೆ ಒತ್ತಿ ಹಿಡಿಯಬೇಕು. ಪೆಡಲ್ ಕುಸಿದು, ಹೊರಗೆ ಸೋರಿಕೆ ಕಾಣದಿದ್ದರೆ ಮಾಸ್ಟರ್ ಸಿಲಿಂಡರಿನಲ್ಲಿ ಅಥವಾ ಎಬಿಎಸ್ ಘಟಕದ ಕವಾಟದಲ್ಲಿ ಒಳಸೋರಿಕೆ ಇದೆ.

6. ಬೂಸ್ಟರಿನ ಪರೀಕ್ಷೆ: ನಿರ್ವಾತ ಪಂಪು ಇರುವ ಕಾರಿನಲ್ಲಿ ಪವರ್ ಆಫ್ ಮಾಡಿ, ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ತುಳಿಯಬೇಕು. ಬಳಿಕ ಪೆಡಲನ್ನು ಒತ್ತಿ ಹಿಡಿದು ಪವರ್ ಆನ್ ಮಾಡಿದಾಗ ಅದು ತುಸು ಕೆಳಗಿಳಿದರೆ ಬೂಸ್ಟರ್ ಸರಿಯಿದೆ. ಈ ಸಣ್ಣ ಇಳಿತವನ್ನು ದೋಷವೆಂದು ತಿಳಿಯಬಾರದು. ವಿದ್ಯುತ್-ಯಾಂತ್ರಿಕ ಬೂಸ್ಟರಿಗೆ ಆಯಾ ಕಾರಿನ ಕೈಪಿಡಿಯ ಕ್ರಮವನ್ನೇ ಅನುಸರಿಸಬೇಕು.

7. ಹೋಸಿನ ಪರೀಕ್ಷೆ: ಒಬ್ಬರು ಪೆಡಲ್ ಒತ್ತುತ್ತಿರುವಾಗ ಇನ್ನೊಬ್ಬರು ರಬ್ಬರ್ ಹೋಸುಗಳನ್ನು ಗಮನಿಸಬೇಕು. ಉಬ್ಬುವ ಹೋಸನ್ನು ಬದಲಿಸಬೇಕು.

8. ಕ್ಯಾಲಿಪರ್ ಮತ್ತು ಬೇರಿಂಗ್: ಚಕ್ರ ಬಿಚ್ಚಿ ಜಾರುವ ಪಿನ್ನುಗಳು ಸಲೀಸಾಗಿ ಚಲಿಸುತ್ತವೆಯೇ, ಒಳ ಮತ್ತು ಹೊರ ಪ್ಯಾಡುಗಳು ಸಮನಾಗಿ ಸವೆದಿವೆಯೇ ಎಂದು ನೋಡಬೇಕು. ಚಕ್ರದ ಬೇರಿಂಗಿನಲ್ಲಿ ಅಲುಗಾಟ ಇದೆಯೇ ಎಂಬುದನ್ನೂ ಪರೀಕ್ಷಿಸಬೇಕು.

9. ಆಯಿಲಿನ ಪರೀಕ್ಷೆ: ಕುದಿಯುವ ಬಿಂದುವನ್ನು ನೇರವಾಗಿ ಅಳೆಯುವ ಉಪಕರಣ ಹೆಚ್ಚು ವಿಶ್ವಾಸಾರ್ಹ. ಪೆನ್ನಿನಾಕಾರದ ತೇವಾಂಶ ಸೂಚಕಗಳು ಅಂದಾಜನ್ನಷ್ಟೇ ಕೊಡುತ್ತವೆ.

ಬ್ರೇಕ್ ಆಯಿಲಿನ ದರ್ಜೆಗಳು

ಬ್ರೇಕ್ ಆಯಿಲನ್ನು ಅಮೆರಿಕದ ಸಾರಿಗೆ ಇಲಾಖೆಯ ಮಾನಕದಂತೆ ‘ಡಾಟ್’ ದರ್ಜೆಗಳಿಂದ ಗುರುತಿಸುವುದು ಭಾರತದಲ್ಲಿಯೂ ರೂಢಿಯಲ್ಲಿದೆ. ಪ್ರತಿ ದರ್ಜೆಗೂ ಇರಬೇಕಾದ ಕನಿಷ್ಠ ಕುದಿಯುವ ಬಿಂದು ಹೀಗಿದೆ. ‘ತೇವಸ್ಥಿತಿ’ ಎಂದರೆ ಸುಮಾರು 3.7% ನೀರು ಸೇರಿದ ಸ್ಥಿತಿ.

- ಡಾಟ್ 3: ಹೊಸತಾಗಿದ್ದಾಗ 205° ಸೆ., ತೇವಸ್ಥಿತಿಯಲ್ಲಿ 140° ಸೆ.
- ಡಾಟ್ 4: ಹೊಸತಾಗಿದ್ದಾಗ 230° ಸೆ., ತೇವಸ್ಥಿತಿಯಲ್ಲಿ 155° ಸೆ.
- ಡಾಟ್ 5.1: ಹೊಸತಾಗಿದ್ದಾಗ 260° ಸೆ., ತೇವಸ್ಥಿತಿಯಲ್ಲಿ 180° ಸೆ.

ಡಾಟ್ 5 ಎಂಬುದು ಸಿಲಿಕೋನ್ ಆಧಾರಿತವಾದ ಬೇರೆಯೇ ದ್ರವ. ಅದನ್ನು ಮೇಲಿನ ಮೂರರೊಡನೆ ಬೆರೆಸಬಾರದು. ಹೆಸರಿನ ಸಾಮ್ಯದಿಂದ ಡಾಟ್ 5 ಮತ್ತು ಡಾಟ್ 5.1 ಒಂದೇ ಎಂದು ಭಾವಿಸುವುದು ಅಪಾಯಕಾರಿ. ಕಾರಿಗೆ ಯಾವ ದರ್ಜೆ ಬೇಕೆಂಬುದನ್ನು ಡಬ್ಬಿಯ ಮುಚ್ಚಳದ ಮೇಲೆ ಅಥವಾ ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ತೆರೆದಿಟ್ಟಿದ್ದ ಹಳೆಯ ಬಾಟಲಿಯ ಆಯಿಲನ್ನು ಬಳಸಬಾರದು.

ದುರಸ್ತಿ

ಸುರಕ್ಷತಾ ಕ್ರಮಗಳು

ವಿದ್ಯುತ್ ಕಾರಿನ ಕಿತ್ತಳೆ ಬಣ್ಣದ ಕೇಬಲುಗಳಲ್ಲಿ ಪ್ರಾಣಾಪಾಯಕಾರಿ ವೋಲ್ಟೇಜ್ ಇರುತ್ತದೆ. ಬ್ರೇಕಿನ ಕೆಲಸಕ್ಕಾಗಿ ಅವನ್ನು ಮುಟ್ಟುವ ಅಗತ್ಯವಿಲ್ಲ, ಮುಟ್ಟಲೂಬಾರದು. ಕಾರನ್ನು ಕೈಪಿಡಿಯಲ್ಲಿ ಗುರುತಿಸಿದ ಜಾಗದಲ್ಲಿ ಮಾತ್ರ ಎತ್ತಬೇಕು. ತಪ್ಪಾದ ಜಾಗಕ್ಕೆ ಜ್ಯಾಕ್ ಕೊಟ್ಟರೆ ತಳದ ಬ್ಯಾಟರಿಗೆ ಪೆಟ್ಟಾಗುತ್ತದೆ. ಜ್ಯಾಕನ್ನೊಂದನ್ನೇ ನಂಬಿ ಕಾರಿನಡಿ ಕೈಹಾಕದೆ ಸ್ಟ್ಯಾಂಡುಗಳನ್ನು ಇಡಬೇಕು. ಕೆಲವು ಕಾರುಗಳಲ್ಲಿ ಬಾಗಿಲು ತೆರೆದೊಡನೆ ಅಥವಾ ಪೆಡಲ್ ಮುಟ್ಟಿದೊಡನೆ ಬ್ರೇಕ್ ನಿಯಂತ್ರಕ ಎಚ್ಚೆತ್ತು ಕೊಳವೆಯಲ್ಲಿ ಒತ್ತಡ ನಿರ್ಮಿಸುತ್ತದೆ. ಅಂತಹ ಕಾರಿನಲ್ಲಿ ಕ್ಯಾಲಿಪರ್ ಬಿಚ್ಚಿಟ್ಟಿರುವಾಗ ಹೀಗಾದರೆ ಪಿಸ್ಟನ್ ಹೊರಚಿಮ್ಮಿ ಬೆರಳಿಗೆ ಗಾಯವಾಗಬಹುದು. ಆದ್ದರಿಂದ ಮೊದಲು ಕೈಪಿಡಿಯಂತೆ ಕಾರನ್ನು ಸರ್ವಿಸ್ ಸ್ಥಿತಿಗೆ ತರಬೇಕು.

ಗಾಳಿ ತೆಗೆಯುವುದು

ಗ್ಯಾರೇಜುಗಳಲ್ಲಿ ಇದನ್ನು ‘ಬ್ಲೀಡಿಂಗ್’ ಎನ್ನುತ್ತಾರೆ. ಇಬ್ಬರು ಸೇರಿ ಮಾಡುವ ಸಾಂಪ್ರದಾಯಿಕ ವಿಧಾನ ಹೀಗಿದೆ:

1. ಡಬ್ಬಿಯನ್ನು ಹೊಸ ಆಯಿಲಿನಿಂದ ಗರಿಷ್ಠ ಮಟ್ಟದವರೆಗೆ ತುಂಬಬೇಕು.
2. ಚಕ್ರದ ಬ್ಲೀಡರ್ ನಿಪ್ಪಲನ್ನು ಒರೆಸಿ, ಪಾರದರ್ಶಕ ನಳಿಕೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ತುಸು ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಬೇಕು.
3. ಒಬ್ಬರು ಪೆಡಲನ್ನು ನಿಧಾನವಾಗಿ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಸ್ಪ್ಯಾನರಿನಿಂದ ನಿಪ್ಪಲನ್ನು ಸಡಿಲಿಸಿ ಆಯಿಲ್ ಮತ್ತು ಗುಳ್ಳೆಗಳು ಹೊರಬರಲು ಬಿಡಬೇಕು.
4. ಪೆಡಲ್ ಬಿಡುವುದಕ್ಕೆ ಮೊದಲು ನಿಪ್ಪಲನ್ನು ಬಿಗಿಯಬೇಕು. ಈ ಕ್ರಮ ತಪ್ಪಿದರೆ ಗಾಳಿ ಮತ್ತೆ ಒಳಸೇರುತ್ತದೆ.
5. ಗುಳ್ಳೆಗಳಿಲ್ಲದ ತಿಳಿಯಾದ ಆಯಿಲ್ ಬರುವವರೆಗೆ ಇದನ್ನು ಪುನರಾವರ್ತಿಸಬೇಕು. ನಡುನಡುವೆ ಡಬ್ಬಿಯನ್ನು ತುಂಬುತ್ತಿರಬೇಕು. ಅದು ಬರಿದಾದರೆ ಕೆಲಸವನ್ನು ಮೊದಲಿನಿಂದ ಮಾಡಬೇಕಾಗುತ್ತದೆ.

ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸುವುದು ಹಳೆಯ ರೂಢಿ. ಸರ್ಕಿಟುಗಳನ್ನು ಓರೆಯಾಗಿ ವಿಭಜಿಸಿದ ಕಾರುಗಳಲ್ಲಿ ಕ್ರಮ ಬೇರೆಯಿರಬಹುದಾದ್ದರಿಂದ ಕೈಪಿಡಿಯನ್ನು ಅನುಸರಿಸಬೇಕು. ಹಳೆಯ ಕಾರಿನಲ್ಲಿ ಪೆಡಲನ್ನು ಪೂರ್ತಿ ನೆಲಕ್ಕೆ ಒತ್ತಬಾರದು, ಏಕೆಂದರೆ ಪಿಸ್ಟನ್ ಎಂದೂ ತಲುಪದ ತುಕ್ಕಿನ ಭಾಗಕ್ಕೆ ಸೀಲು ಉಜ್ಜಿ ಹರಿಯಬಹುದು. ಎಬಿಎಸ್ ಘಟಕದಲ್ಲಿ ಗಾಳಿ ಸೇರಿದ್ದರೆ, ಅಥವಾ ಕಾರಿನಲ್ಲಿ ವಿದ್ಯುತ್-ಯಾಂತ್ರಿಕ ಬೂಸ್ಟರ್ ಇಲ್ಲವೇ ಬ್ರೇಕ್-ಬೈ-ವೈರ್ ಇದ್ದರೆ, ಸ್ಕ್ಯಾನರಿನ ಮೂಲಕ ಕವಾಟಗಳನ್ನೂ ಪಂಪನ್ನೂ ಚಲಾಯಿಸಬೇಕಾಗಬಹುದು. ಬಣ್ಣದ ಮೇಲೆ ಬಿದ್ದ ಆಯಿಲನ್ನು ಕೂಡಲೇ ನೀರಿನಿಂದ ತೊಳೆಯಬೇಕು.

ಭಾಗಗಳ ಬದಲಾವಣೆ

ಒಳಸೋರಿಕೆಯಿರುವ ಮಾಸ್ಟರ್ ಸಿಲಿಂಡರನ್ನು ಬದಲಿಸುವುದೇ ಸೂಕ್ತ. ಹೊಸದನ್ನು ಜೋಡಿಸುವ ಮೊದಲು ಮೇಜಿನ ಮೇಲೆಯೇ ಅದರೊಳಗಿನ ಗಾಳಿ ತೆಗೆದರೆ ಮುಂದಿನ ಕೆಲಸ ಸುಲಭವಾಗುತ್ತದೆ. ಹೋಸುಗಳನ್ನು ಒಂದೇ ಆಕ್ಸಲ್ಲಿನ ಎರಡೂ ಬದಿಗೆ ಜೊತೆಯಾಗಿ ಬದಲಿಸುವುದು ಒಳ್ಳೆಯದು. ಬಿಗಿದ ಪಿನ್ನುಗಳನ್ನು ಶುಚಿಗೊಳಿಸಿ, ಬ್ರೇಕಿಗೆಂದೇ ಇರುವ ಗ್ರೀಸನ್ನು ಹಚ್ಚಬೇಕು.

ದುರಸ್ತಿಯ ಬಳಿಕದ ಪರೀಕ್ಷೆ

ಕಾರು ಕದಲುವ ಮೊದಲೇ ಪೆಡಲ್ ಗಟ್ಟಿಯಾಗಿರಬೇಕು. ಬಳಿಕ ಜನಸಂಚಾರವಿಲ್ಲದ ಸಮತಟ್ಟಾದ ಜಾಗದಲ್ಲಿ ನಡಿಗೆಯ ವೇಗದಿಂದ ಆರಂಭಿಸಿ ಪರೀಕ್ಷಿಸಬೇಕು. ಮೆಲ್ಲಗೆ ತುಳಿದಾಗ ಕಾರನ್ನು ನಿಲ್ಲಿಸುವುದು ಬಹುಪಾಲು ರೀಜನ್ ಆದ್ದರಿಂದ, ಮೆದುವಾದ ಒಂದೆರಡು ನಿಲುಗಡೆಗಳಿಂದ ಹೈಡ್ರಾಲಿಕ್ ಬ್ರೇಕು ಸರಿಯಿದೆಯೆಂದು ತೀರ್ಮಾನಿಸಲಾಗದು. ಸೌಲಭ್ಯವಿರುವ ಕಾರುಗಳಲ್ಲಿ ರೀಜನ್ನನ್ನು ಕನಿಷ್ಠಕ್ಕೆ ಇಳಿಸಿ ಪರೀಕ್ಷಿಸಬೇಕು.

ಚಾಲನೆಯ ವೇಳೆ ಪೆಡಲ್ ಕುಸಿದರೆ

- ಆಕ್ಸಿಲರೇಟರಿನಿಂದ ಕಾಲನ್ನು ಪೂರ್ತಿ ತೆಗೆಯಬೇಕು. ರೀಜನ್ನಿಗೆ ಹಲವು ಹಂತಗಳಿದ್ದರೆ ಅತಿ ಹೆಚ್ಚಿನದನ್ನು ಆರಿಸಬೇಕು. ಹೈಡ್ರಾಲಿಕ್ ಬ್ರೇಕು ಸೋತರೂ ಮೋಟಾರಿನ ಹಿಡಿತ ಸಾಮಾನ್ಯವಾಗಿ ಉಳಿದಿರುತ್ತದೆ.
- ಕಾರನ್ನು ನ್ಯೂಟ್ರಲ್ಲಿಗೆ ಹಾಕಬಾರದು. ಇಂಧನ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಹಳೆಯ ಅಭ್ಯಾಸ ವಿದ್ಯುತ್ ಕಾರಿನಲ್ಲಿ ರೀಜನ್ನನ್ನೇ ಕಡಿದುಹಾಕುತ್ತದೆ.
- ಪೆಡಲನ್ನು ಬೇಗ ಬೇಗ ತುಳಿಯಬೇಕು. ಗಾಳಿಯಿದ್ದರೆ ಅಥವಾ ಒಂದು ಸರ್ಕಿಟ್ ಉಳಿದಿದ್ದರೆ ಸ್ವಲ್ಪ ಒತ್ತಡ ಸಿಗಬಹುದು.
- ಪಾರ್ಕಿಂಗ್ ಬ್ರೇಕನ್ನು ಕ್ರಮೇಣವಾಗಿ ಎಳೆಯಬೇಕು. ಗುಂಡಿಯಿಂದ ಕೆಲಸ ಮಾಡುವ ಪಾರ್ಕಿಂಗ್ ಬ್ರೇಕಾದರೆ ಹಲವು ಕಾರುಗಳಲ್ಲಿ ಗುಂಡಿಯನ್ನು ಒತ್ತಿ ಅಥವಾ ಎಳೆದು ಹಿಡಿದರೆ ತುರ್ತು ನಿಲುಗಡೆಯಾಗುತ್ತದೆ.
- ನಿಂತ ಮೇಲೆ, ಪೆಡಲ್ ಸರಿಹೋದಂತೆ ಕಂಡರೂ ಕಾರನ್ನು ಮುಂದಕ್ಕೆ ಓಡಿಸಬಾರದು.

ಚಾಲಕ ಚಕ್ರಗಳು ನೆಲದಲ್ಲಿ ಉರುಳುವಂತೆ ವಿದ್ಯುತ್ ಕಾರನ್ನು ಹಗ್ಗ ಕಟ್ಟಿ ಎಳೆದರೆ ಮೋಟಾರು ವಿದ್ಯುತ್ ಉತ್ಪಾದಿಸಿ ಹಾನಿಯಾಗಬಹುದು. ಆದ್ದರಿಂದ ಕಾರನ್ನು ಪೂರ್ತಿಯಾಗಿ ವಾಹನದ ಮೇಲೇರಿಸಿ ಸಾಗಿಸಬೇಕು. ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಸಹಾಯವಾಣಿಯ ನೆರವು ಪಡೆಯಬಹುದು.

ಬಯಲುಸೀಮೆಯ ತಾಲ್ಲೂಕುಗಳಲ್ಲಿ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಕಡಿಮೆ ಮಳೆಯ ಬಯಲುಸೀಮೆಗೆ ಸೇರಿವೆ. ಶಿರಾ ಪಟ್ಟಣ ರಾಷ್ಟ್ರೀಯ ಹೆದ್ದಾರಿ 48ರ ಮೇಲಿದ್ದರೆ, ಮಿಡಿಗೇಶಿಯಂತಹ ಹೋಬಳಿ ಕೇಂದ್ರಗಳು ಹೆದ್ದಾರಿಯಿಂದ ದೂರದಲ್ಲಿ ಮಧುಗಿರಿ ಮತ್ತು ಪಾವಗಡಗಳ ನಡುವೆ ಇವೆ. ಇಂತಹ ಊರುಗಳ ಮಟ್ಟಿಗೆ ಮೂರು ಸಂಗತಿಗಳು ಗಮನಾರ್ಹ.

ಮೊದಲನೆಯದು ಧೂಳು. ಮಣ್ಣಿನ ರಸ್ತೆಯ ಧೂಳು ಕ್ಯಾಲಿಪರಿನ ಪಿನ್ನುಗಳ ರಬ್ಬರ್ ಹೊದಿಕೆ ಹರಿದ ಕಡೆ ಒಳಸೇರುತ್ತದೆ. ಡಬ್ಬಿಯ ಮುಚ್ಚಳ ತೆರೆಯುವ ಮೊದಲು ಸುತ್ತಲಿನ ಧೂಳನ್ನು ಒರೆಸದಿದ್ದರೆ ಅದು ಆಯಿಲಿನೊಡನೆ ಮಾಸ್ಟರ್ ಸಿಲಿಂಡರನ್ನು ಸೇರಿ ಸೀಲುಗಳನ್ನು ಗೀರುತ್ತದೆ. ಒಣಹವೆಯ ಪ್ರದೇಶವಾದರೂ ಮಳೆಗಾಲದ ತೇವಾಂಶವನ್ನು ಆಯಿಲ್ ಹೀರುತ್ತಲೇ ಇರುತ್ತದೆ. ಹವೆ ಒಣಗಿದೆಯೆಂದು ಬದಲಾವಣೆಯ ಅವಧಿಯನ್ನು ಮುಂದೂಡಲಾಗದು.

ಎರಡನೆಯದು ಇಳಿಜಾರು. ಬಯಲಿನಲ್ಲಿ ತಿಂಗಳುಗಟ್ಟಲೆ ರೀಜನ್ನಿನ ಬಲದಿಂದಲೇ ಓಡಿದ ಕಾರು ಒಂದು ದಿನ ದೇವರಾಯನದುರ್ಗ ಅಥವಾ ನಂದಿಬೆಟ್ಟದ ತಿರುವುಗಳನ್ನು ಇಳಿಯಬೇಕಾಗುತ್ತದೆ. 1,600 ಕೆ.ಜಿ. ತೂಕದ ಕಾರು 300 ಮೀಟರ್ ಎತ್ತರದಿಂದ ಇಳಿಯುವಾಗ ಸುಮಾರು 1.3 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಬಿಡುಗಡೆಯಾಗುತ್ತದೆ. ಗಾಳಿ ಮತ್ತು ಟೈರುಗಳ ಘರ್ಷಣೆಯಲ್ಲಿ ಒಂದು ಭಾಗ ಕಳೆದರೂ ಉಳಿದದ್ದನ್ನು ಬ್ಯಾಟರಿ ಅಥವಾ ಬ್ರೇಕು ತೆಗೆದುಕೊಳ್ಳಬೇಕು. ಬೆಟ್ಟದ ಮೇಲೆಯೇ ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಂಡು ಇಳಿದರೆ ಬಹುಭಾಗ ಡಿಸ್ಕುಗಳ ಶಾಖವಾಗುತ್ತದೆ. ತೇವ ಹೀರಿದ ಆಯಿಲ್ ಕುದಿಯುವುದು ಇಂತಹ ಸಂದರ್ಭದಲ್ಲಿ. ಇಳಿಯುವ ಮೊದಲು ಬ್ಯಾಟರಿಯಲ್ಲಿ ತುಸು ಜಾಗ ಉಳಿಸಿಕೊಳ್ಳುವುದು ಸುಲಭವಾದ ಮುನ್ನೆಚ್ಚರಿಕೆ.

ಮೂರನೆಯದು ದುರಸ್ತಿಯ ಸೌಲಭ್ಯ. ಹೈಡ್ರಾಲಿಕ್ ಬ್ರೇಕಿನ ಮೂಲ ಕೆಲಸವನ್ನು ಬಲ್ಲ ಮೆಕ್ಯಾನಿಕ್ಕುಗಳು ಸಣ್ಣ ಪಟ್ಟಣಗಳಲ್ಲಿಯೂ ಸಿಗುತ್ತಾರೆ. ಸೋರಿಕೆ ಗುರುತಿಸುವುದು, ಪ್ಯಾಡ್ ಮತ್ತು ಪಿನ್ನುಗಳ ತಪಾಸಣೆ, ಸಾಮಾನ್ಯ ವ್ಯವಸ್ಥೆಯ ಕಾರಿನಲ್ಲಿ ಗಾಳಿ ತೆಗೆಯುವುದು ಅವರಿಂದ ಸಾಧ್ಯ. ಎಬಿಎಸ್ ಘಟಕ, ವಿದ್ಯುತ್-ಯಾಂತ್ರಿಕ ಬೂಸ್ಟರ್ ಮತ್ತು ಬ್ರೇಕ್-ಬೈ-ವೈರ್ ಕೆಲಸಕ್ಕೆ ತಯಾರಕರ ಸ್ಕ್ಯಾನರ್ ಇರುವ ಕೇಂದ್ರಕ್ಕೇ ಹೋಗಬೇಕು. ಮೆತ್ತನೆಯ ಪೆಡಲಿನ ಕಾರನ್ನು ಅಲ್ಲಿಯವರೆಗೆ ಓಡಿಸಿಕೊಂಡು ಹೋಗುವುದು ಸುರಕ್ಷಿತವಲ್ಲ.

ತಡೆಗಟ್ಟುವಿಕೆ

ಬ್ರೇಕ್ ಆಯಿಲನ್ನು ಕೈಪಿಡಿ ಸೂಚಿಸಿದ ಅವಧಿಗೆ ಬದಲಿಸಬೇಕು. ಅನೇಕ ತಯಾರಕರು ಸೂಚಿಸುವ ಅವಧಿ 2 ವರ್ಷ. ವರ್ಷಕ್ಕೊಮ್ಮೆ ಕ್ಯಾಲಿಪರ್ ಪಿನ್ನುಗಳನ್ನು ಶುಚಿಗೊಳಿಸಿ ಗ್ರೀಸ್ ಹಚ್ಚಿಸಬೇಕು. ರಸ್ತೆ ಖಾಲಿಯಿರುವಾಗ, ಹಿಂದೆ ವಾಹನವಿಲ್ಲದುದನ್ನು ಖಚಿತಪಡಿಸಿಕೊಂಡು, ಆಗಾಗ ಬ್ರೇಕನ್ನು ಗಟ್ಟಿಯಾಗಿ ತುಳಿದರೆ ಡಿಸ್ಕಿನ ತುಕ್ಕು ಉಜ್ಜಿಹೋಗುತ್ತದೆ, ಪೆಡಲಿನ ಸ್ಥಿತಿಯೂ ತಿಳಿಯುತ್ತದೆ. ಪ್ರತಿದಿನ ಹೊರಡುವ ಮೊದಲು ನಿಂತಲ್ಲಿಯೇ ಪೆಡಲನ್ನು ಒಮ್ಮೆ ಒತ್ತಿ ನೋಡುವ ಅಭ್ಯಾಸವು ಅತ್ಯಂತ ಸರಳವಾದ ತಪಾಸಣೆ. ರೀಜನ್ ಆಗ ಕೆಲಸ ಮಾಡುತ್ತಿರುವುದಿಲ್ಲವಾದ್ದರಿಂದ, ನೇರ ಹೈಡ್ರಾಲಿಕ್ ಸಂಪರ್ಕವಿರುವ ಕಾರುಗಳಲ್ಲಿ ಪೆಡಲ್ ತನ್ನ ನಿಜಸ್ಥಿತಿಯನ್ನು ಮರೆಮಾಚಲಾರದು.